ಒರೆಸದ ಮೇಜು

ಮಾರ್ಚ್ ೩, ಸೋಮವಾರ

ಜನವರಿ ಹದಿನಾರರ ಗುರುವಾರ, ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂವರೆಯೊಳಗೆ, ನಮ್ಮ ಊರಿನ ಸಾರ್ವಜನಿಕ ವಾಚನಾಲಯದಲ್ಲಿದ್ದ ಮೂವತ್ತೆಂಟು ವರ್ಷಗಳ ಪತ್ರಿಕೆಗಳನ್ನು ಹಿಂಬಾಗಿಲಿನಿಂದ ಸಾಗಿಸಿ ರದ್ದಿ ಲಾರಿಗೆ ಹೇರಲಾಯಿತು. ವರ್ಷಕ್ಕೆ ಎರಡರಂತೆ ರಟ್ಟು ಕಟ್ಟಿಸಿ ಇಟ್ಟಿದ್ದ ಎಪ್ಪತ್ತಾರು ಸಂಪುಟಗಳು. ಯಾರು ಹೇಳಿದರು, ಯಾವ ಕಾಗದದ ಮೇಲೆ ಹೇಳಿದರು ಎಂಬುದರ ಬಗ್ಗೆ ಪುರಸಭೆ ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ. ಇದು ಮೊದಲನೆಯ ಅನ್ಯಾಯ.

ಎರಡನೆಯದು ಇವತ್ತು ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ, ಪುರಸಭೆಯ ಸಭಾಂಗಣದಲ್ಲಿ ನಡೆಯಿತು.

ಬಹಿರಂಗ ವಿಚಾರಣೆ ಬೇಕೆಂದು ಏಳು ಪತ್ರ ಬರೆದವನು ನಾನು. ಆ ದಿನ ವಾಚನಾಲಯದಲ್ಲಿ ಕೂತಿದ್ದ ಓದುಗನೂ ನಾನೊಬ್ಬನೇ. ಹಾಗಾಗಿ ನಾನೇ ಸಾಕ್ಷಿ. ಲಾರಿ ಡ್ರೈವರ್ ಮೊದಲು ಹೇಳಿದ: “ಹಿಂಬಾಗ್ಲಲ್ಲಿ ಒಬ್ರು ನಿಂತ್ಕೊಂಡು ಕಟ್ಟು ಎಣಿಸ್ತಾ ಇದ್ರು. ನಾನು ಗಾಡಿ ಹತ್ರ ಇದ್ದೆ, ಮುಖ ನೋಡಿಲ್ಲ.” ಆಮೇಲೆ ಪುರಸಭೆಯ ಅಧ್ಯಕ್ಷರು ನನ್ನ ಕಡೆ ತಿರುಗಿದರು. “ನೀವು ಒಳಗೇ ಇದ್ರಲ್ಲ. ಬಾಗ್ಲಲ್ಲಿ ನಿಂತಿದ್ದೋರು ಯಾರು?”

ಎದ್ದು ನಿಂತೆ. ಮೈಕು ಹಿಡಿದೆ. ಬಾಯಿ ತೆರೆದೆ. ಏನೂ ಬರಲಿಲ್ಲ. ನೂರೈವತ್ತು ಜನ.

“ನಮ್ಮ ದಫ್ತರಕ್ಕೇ ಗೆದ್ದಲು ಹತ್ತಿದ ಹಾಗಿದೆ,” ಎಂದರು ಅಧ್ಯಕ್ಷರು. “ಕೂತ್ಕೊಳ್ಳಿ ಯಜಮಾನ್ರೇ. ವಯಸ್ಸಾದ್ಮೇಲೆ ಇದೆಲ್ಲ ಇದ್ದದ್ದೇ.”

ಜನ ನಕ್ಕರು. ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವನು ನಾನು. ಹಳೆಯ ಸೇತುವೆ ಕುಸಿದದ್ದು ಯಾವ ವರ್ಷ, ಯಾವ ಅಧ್ಯಕ್ಷ ಯಾವ ಸಭೆಯಲ್ಲಿ ಏನು ಮಾತು ಕೊಟ್ಟ, ಎಲ್ಲವನ್ನೂ ಜನ ನನ್ನನ್ನೇ ಕೇಳುತ್ತಿದ್ದರು. ಅದಕ್ಕೇ ‘ದಫ್ತರ’ ಎಂಬ ಅಡ್ಡಹೆಸರು. ಆ ಹೆಸರನ್ನೇ ಹಿಡಿದು ನಗಿಸಿದರು.

ಮುಂದಿನ ವಿಚಾರಣೆ ಇಪ್ಪತ್ತನೇ ತಾರೀಕು.

ಮನೆಗೆ ಬಂದಾಗ ಅಕ್ಕ ಕೇಳಿದಳು: “ಏನೋ, ಮುಖ ಹಿಂಡಿ ಹಾಕಿದ ಬಟ್ಟೆ ಥರ ಆಗಿದೆ?” ತಲೆನೋವು ಎಂದೆ. ಎಪ್ಪತ್ತನಾಲ್ಕು ವರ್ಷದ ಅಕ್ಕನ ಮುಂದೆ ಅರವತ್ತೆಂಟು ವರ್ಷದ ತಮ್ಮ ಸುಳ್ಳು ಹೇಳುವುದು, ಕದ್ದ ಸಕ್ಕರೆ ಬಾಯಲ್ಲಿಟ್ಟುಕೊಂಡು ಹೇಳುವ ಸುಳ್ಳಿನಂತೆಯೇ.

ಮಾರ್ಚ್ ೬, ಗುರುವಾರ

ಕಣ್ಣಾಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಟೀ ಕುಡಿದೆ. ಅಲ್ಲಿನ ಸಪ್ಲೈಯರ್ ಐವತ್ತರ ಆಸುಪಾಸಿನವನು. ಹನ್ನೊಂದು ಮೇಜು ಒಬ್ಬನೇ ನೋಡಿಕೊಳ್ಳುತ್ತಾನೆ, ಕಾಗದವಿಲ್ಲ, ಪೆನ್ನಿಲ್ಲ. ನನ್ನ ಪಕ್ಕದ ಮೇಜಿನ ಏಳು ಜನ ಒಬ್ಬೊಬ್ಬರು ಒಂದೊಂದು ಹೇಳಿದರು. ಒಬ್ಬಳಿಗೆ ಸಕ್ಕರೆ ಬೇಡ, ಒಬ್ಬನಿಗೆ ಮೊಟ್ಟೆ ಚೆನ್ನಾಗಿ ಬೇಯಬೇಕು. ಹತ್ತು ನಿಮಿಷದಲ್ಲಿ ಅವರವರ ಮುಂದೆ ಅವರವರದು ಬಂದು ಕೂತಿತು.

ಇಷ್ಟೆಲ್ಲ ಹೇಗಪ್ಪ ನೆನಪಿಡುತ್ತೀಯ ಎಂದು ಕೇಳಿದೆ. ನಕ್ಕ. “ವಿದ್ಯೆ ಏನಿಲ್ಲ ಸಾರ್. ಮೊದ್ಲು ನಾನೂ ದಿನಕ್ಕೆ ಹತ್ತು ಸಲ ಬೈಸ್ಕೊಳ್ತಿದ್ದೆ. ಕಲಿತೆ. ನೀವೂ ಕಲೀಬಹುದು.”

ನನ್ನ ಕಪಾಟಿನಲ್ಲಿ ನೆನಪಿನ ಶಾಸ್ತ್ರದ ಮೇಲೆಯೇ ಮೂರು ಗ್ರಂಥಗಳಿವೆ. ತಟ್ಟೆ ಎತ್ತುವವನಿಂದ ಪಾಠ ಹೇಳಿಸಿಕೊಳ್ಳುವ ಕಾಲ ಬಂತಲ್ಲ ಎನ್ನಿಸಿತು. ಆದರೆ ಆ ಮೂರನ್ನೂ ಓದಿದವನು ಮೈಕಿನ ಮುಂದೆ ಮೂಕನಾಗಿದ್ದೇನೆ. ಭಾನುವಾರ ಮಧ್ಯಾಹ್ನ ಬನ್ನಿ, ಗಿರಾಕಿ ಕಡಿಮೆ ಇರ್ತಾರೆ, ಎಂದಿದ್ದಾನೆ.

ಮಾರ್ಚ್ ೯, ಭಾನುವಾರ

ಮೊದಲ ಪಾಠ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ನಿಮ್ಮ ಮನೆ ನಿಮಗೆ ಕಣ್ಣು ಮುಚ್ಚಿದ್ರೂ ಗೊತ್ತಲ್ವಾ ಸಾರ್? ಗೇಟಿಂದ ಹಿಂಬಾಗ್ಲ ತನಕ ನಡೀರಿ. ದಾರೀಲಿ ಹತ್ತು ಜಾಗ ಗುರುತು ಮಾಡ್ಕೊಳ್ಳಿ. ಒಂದೊಂದು ಜಾಗದಲ್ಲಿ ಒಂದೊಂದು ವಿಷಯ ಕೂರಿಸಿ. ಸುಮ್ನೆ ಕೂರಿಸಿದ್ರೆ ಎದ್ದು ಹೋಗುತ್ತೆ. ವಿಚಿತ್ರವಾಗಿ ಕೂರಿಸ್ಬೇಕು. ನಗು ಬರೋ ಹಾಗೆ, ಇಲ್ಲ ನಾಚಿಕೆ ಆಗೋ ಹಾಗೆ. ನಾಚಿಕೆ ಆಗಿದ್ದು ಮರೆಯಲ್ಲ ನೋಡಿ.”

ಅದಂತೂ ನಿಜ.

ಅಭ್ಯಾಸಕ್ಕೆ, ಗೊತ್ತಿರುವ ಹತ್ತು ಜನರನ್ನು ಮನೆಯಲ್ಲಿ ಕೂರಿಸಿಕೊಂಡು ಬನ್ನಿ ಎಂದ. ಕೂರಿಸಿದೆ:

ಗೇಟು: ಅಧ್ಯಕ್ಷರು, ಕತ್ತಿನಲ್ಲಿ ಬೀಗ. ಮೆಟ್ಟಿಲು: ಅಂಚೆಯವನು, ಚೀಲದ ತುಂಬ ಕಪ್ಪೆ. ಚಪ್ಪಲಿ ಗೂಡು: ನನ್ನ ಹಲ್ಲಿನ ಡಾಕ್ಟರು, ಮಂಡಿಯೂರಿ ಬೂಟಿನ ಹಲ್ಲು ಕೀಳುತ್ತಿದ್ದಾರೆ. ಆರಾಮಕುರ್ಚಿ: ಅಕ್ಕ, ಮೀಸೆ ಬಂದಿದೆ. ಪುಸ್ತಕದ ಕಪಾಟು: ಮುದ್ರಣಾಲಯದ ಹಳೆಯ ಯಜಮಾನ, ಅಕ್ಷರಗಳನ್ನು ಕಡಲೆಯಂತೆ ಮೆಲ್ಲುತ್ತಿದ್ದಾನೆ. ಊಟದ ಮೇಜು: ಸಪ್ಲೈಯರ್, ಹನ್ನೊಂದು ಕೈ. ಸಿಂಕು: ಎದುರುಮನೆಯ ವಕೀಲ, ಕೋಟಿನ ಸಮೇತ ನೀರಿನಲ್ಲಿ. ಫ್ರಿಜ್ಜು: ಪುರಸಭೆಯ ಗುಮಾಸ್ತ, ಹಲ್ಲು ಕಟಕಟ. ಬಚ್ಚಲು: ಕ್ಷೌರಿಕ, ತನ್ನ ತಲೆಗೇ ನೊರೆ. ಹಿಂಬಾಗಿಲು: ವಾಚನಾಲಯದ ಮೇಲ್ವಿಚಾರಕಿ, ಹಳದಿ ರೇನ್‌ಕೋಟು, ಕೈಯಲ್ಲಿ ಮೊಳದುದ್ದದ ಕೀಲಿಕೈ.

ಹತ್ತಕ್ಕೆ ಹತ್ತೂ ನೆನಪಿವೆ. ಹಿಂದುಮುಂದಾಗಿ ಕೇಳಿದರೂ ಸರಿ. ಇಷ್ಟು ಸುಲಭವೇ?

ಮಾರ್ಚ್ ೧೩, ಗುರುವಾರ

ಅಕ್ಕನಿಗೆ ಮೀಸೆಯ ವಿಷಯ ಹೇಳಿದೆ. ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ. ಪಟ್ಟಿ ಮಾತ್ರ ಒಂದೂ ಅಲುಗಿಲ್ಲ. ದಿನಕ್ಕೆ ಮೂರು ಸಲ ಮನೆ ಸುತ್ತುತ್ತೇನೆ.

ಮಾರ್ಚ್ ೧೬, ಭಾನುವಾರ

ಎರಡನೇ ಪಾಠ. ಇಪ್ಪತ್ತನೇ ತಾರೀಕಿನ ಸಾಕ್ಷ್ಯವನ್ನು ಈಗ ಮನೆಯಲ್ಲಿ ಜೋಡಿಸಬೇಕು ಎಂದೆ.

“ಯಾವ ಮನೇಲಿ?”

“ನನಗೇನು ನಾಲ್ಕು ಮನೆ ಇದೆಯೇನಪ್ಪ?”

“ಹಾಗಲ್ಲ ಸಾರ್. ಹಳಬರು ಎದ್ದು ಹೋದ್ಮೇಲೆ ಟೇಬಲ್ ಒರೆಸ್ದೆ ಹೊಸಬರನ್ನ ಕೂರಿಸ್ಬಾರ್ದು. ಅವರ ಎಂಜಲು ಇವರ ತಟ್ಟೆಗೆ ಹತ್ತುತ್ತೆ. ಹೋದ ವಾರ ಹತ್ತು ಜನ ಕೂರಿಸಿದ್ರಲ್ಲ, ಅವರನ್ನ ಒಬ್ಬೊಬ್ಬರನ್ನಾಗಿ ಎಬ್ಬಿಸಿ ಕಳಿಸಿ. ಒಂದು ವಾರ ಖಾಲಿ ಬಿಡಿ. ಇಲ್ಲಾಂದ್ರೆ ಹಳೇ ಆಫೀಸೋ, ಓದಿದ ಸ್ಕೂಲೋ, ಬೇರೆ ಜಾಗ ಹಿಡೀರಿ.”

ಹೋಟೆಲಿನ ಶುಚಿತ್ವದ ನಿಯಮವನ್ನು ಮನಸ್ಸಿಗೂ ಅನ್ವಯಿಸುತ್ತಾನೆ. ವಾರ ಬಿಡಲು ಸಮಯವೆಲ್ಲಿದೆ? ಉಳಿದಿರುವುದೇ ನಾಲ್ಕು ದಿನ. ನನ್ನ ತಲೆ ಹೋಟೆಲಿನ ಮೇಜಲ್ಲ.

ಮನೆಗೆ ಬಂದು ಜೋಡಿಸಿದೆ. ಗೇಟು: ಲಾರಿಯ ಹಾರನ್, ಎರಡು ಸಲ. ಮೆಟ್ಟಿಲು: ಗಡಿಯಾರ ಹತ್ತೂವರೆಗೆ ಒಂದು ಬಾರಿಸಿದ್ದು. ಚಪ್ಪಲಿ ಗೂಡು: ಇಬ್ಬರು ಹಮಾಲರ ರಬ್ಬರ್ ಚಪ್ಪಲಿಯ ಪಟಪಟ. ಆರಾಮಕುರ್ಚಿ: ನಾನು, ಕೈಯಲ್ಲಿ ಸಂಪಾದಕೀಯ. ಕಪಾಟು: ಸಂಪುಟಗಳು ದೊಪ್ಪನೆ ಬಿದ್ದದ್ದು, ಮೊದಲು ಆರು. ಊಟದ ಮೇಜು: ತಳ್ಳುಗಾಡಿಯ ಚಕ್ರದ ಕೀರಲು. ಸಿಂಕು: ಯಾರೋ ಕೆಮ್ಮಿದ್ದು. ಫ್ರಿಜ್ಜು: “ಎಪ್ಪತ್ತಾರು, ಆಯ್ತು” ಎಂಬ ಮಾತು, ಪಿಸುದನಿಯಲ್ಲಿ. ಬಚ್ಚಲು: ಲಾರಿ ಹೊರಟದ್ದು.

ಹಿಂಬಾಗಿಲಿಗೆ ಮಾತ್ರ ಏನೂ ಹೊಳೆಯಲಿಲ್ಲ. ಅಧ್ಯಕ್ಷರು ಕೇಳುವುದು ಅದನ್ನೇ. ಬಾಗಿಲು ಮುಚ್ಚಿಕೊಂಡಿದೆ.

ಮಾರ್ಚ್ ೧೯, ಬುಧವಾರ

ಬಾಗಿಲು ತೆರೆಯಿತು.

ಬೆಳಿಗ್ಗೆ ಹಲ್ಲುಜ್ಜುತ್ತಾ ಮನೆ ಸುತ್ತುತ್ತಿದ್ದೆ. ಹಿಂಬಾಗಿಲಿಗೆ ಬಂದರೆ ಮೇಲ್ವಿಚಾರಕಿ ನಿಂತಿದ್ದಾಳೆ, ಹಳದಿ ರೇನ್‌ಕೋಟಿನಲ್ಲಿ, ಕೀಲಿಕೈ ಹಿಡಿದು. ಎಷ್ಟು ನಿಚ್ಚಳ ಎಂದರೆ ಕೋಟಿನ ಗುಂಡಿ ಎಣಿಸಬಹುದಿತ್ತು. ಹತ್ತೊಂಬತ್ತು ವರ್ಷ ಆ ಪತ್ರಿಕೆಗಳ ಧೂಳು ಕೊಡವಿದವಳೇ ಹೀಗೆ ಮಾಡಿದಳಲ್ಲ. ಆದರೆ ಸತ್ಯ ಸತ್ಯವೇ. ಗುರುತು ಪರಿಚಯ ನೋಡಿ ಸಾಕ್ಷಿ ಹೇಳುವವನು ನಾನಲ್ಲ.

ಮಾರ್ಚ್ ೨೦, ಗುರುವಾರ

ಹೇಳಿದೆ. ಕಾಗದವಿಲ್ಲದೆ, ಒಂದು ಸಲವೂ ತಡವರಿಸದೆ, ಹತ್ತೂವರೆಯಿಂದ ಹನ್ನೊಂದೂವರೆಯವರೆಗಿನದನ್ನು ಅನುಕ್ರಮವಾಗಿ ಹೇಳಿದೆ. “ಬಾಗಿಲಲ್ಲಿ ಯಾರು?” ಎಂದಾಗ, “ವಾಚನಾಲಯದ ಮೇಲ್ವಿಚಾರಕಿ. ಹಳದಿ ರೇನ್‌ಕೋಟು ಹಾಕಿದ್ದರು. ಕೈಯಲ್ಲಿ ಕೀಲಿಕೈ ಇತ್ತು,” ಎಂದೆ. ರೇನ್‌ಕೋಟು ಎಂದಾಗ ಸಭೆ ಉಸಿರು ಬಿಟ್ಟದ್ದು ಕೇಳಿಸಿತು. ವಿವರ ಇದ್ದರೆ ಜನ ನಂಬುತ್ತಾರೆ.

ಆಕೆ ಹಿಂದಿನ ಸಾಲಿನಲ್ಲಿದ್ದರು. ಎದ್ದು ನಿಂತು, “ನಾನು ಆವತ್ತು ಅಲ್ಲಿರ್ಲೇ ಇಲ್ಲ,” ಎಂದರು. ಅಧ್ಯಕ್ಷರು, “ನಿಮ್ಮ ಸರದಿ ಆಮೇಲೆ ಬರುತ್ತೆ,” ಎಂದು ಕೂರಿಸಿದರು. ಸರದಿ ಬರಲಿಲ್ಲ. ಸಭೆ ಮುಗಿಯಿತು.

ಅಧ್ಯಕ್ಷರು ವೇದಿಕೆಯಿಂದ ಇಳಿದು ಬಂದು ಎರಡೂ ಕೈಯಲ್ಲಿ ನನ್ನ ಕೈ ಹಿಡಿದರು. “ದಫ್ತರ ಅಂದ್ರೆ ದಫ್ತರ. ನಾನು ಆವತ್ತು ಆಡಿದ್ದು ತಮಾಷೆಗೆ, ಮನಸ್ಸಿಗೆ ಹಚ್ಕೋಬೇಡಿ.”

ಅಕ್ಕ ಮಾತು ಬಿಟ್ಟಿದ್ದವಳು ಇವತ್ತು ಆಡಿದಳು. “ಅವನು ಕೈ ಕುಲುಕಿದ್ನಾ?”

“ಹೌದು.”

“ಎರಡೂ ಕೈಯಲ್ಲಿ?”

“ಹೌದು ಕಣೆ.”

“ಹಾಗಾದ್ರೆ ನೀನೇನೋ ಎಡವಟ್ಟು ಮಾಡ್ಕೊಂಡು ಬಂದಿದ್ದೀಯ.”

ಮಾರ್ಚ್ ೨೧, ಶುಕ್ರವಾರ

ಮೇಲ್ವಿಚಾರಕಿಯನ್ನು ಅಮಾನತು ಮಾಡಿದ್ದಾರೆ. ಏಪ್ರಿಲ್ ಏಳರ ಸಭೆಯಲ್ಲಿ ವಜಾ ಆದೇಶ. ಪತ್ರಿಕೆಯ ಮುಖಪುಟದಲ್ಲಿ ನನ್ನ ಚಿತ್ರ ಬಂದಿದೆ: ‘ಊರಿನ ನೆನಪು ಮಾತಾಡಿತು’. ಕತ್ತರಿಸಿ ಇಟ್ಟೆ.

ಯಾಕೋ ಅಂಟಿಸಲಿಲ್ಲ.

ಮಾರ್ಚ್ ೨೪, ಸೋಮವಾರ

ಆಕೆ ಮನೆಗೆ ಬಂದಿದ್ದರು. ಅಕ್ಕ ಬಾಗಿಲು ತೆಗೆದು ಒಳಗೆ ಕರೆದಳು. ಕೂರಿ ಎಂದರೆ ಕೂರಲಿಲ್ಲ.

“ಜಗಳಕ್ಕೆ ಬಂದಿಲ್ಲ ಸಾರ್. ಒಂದು ವಿಷಯ ಕೇಳ್ಬೇಕಿತ್ತು. ಹಳದಿ ರೇನ್‌ಕೋಟು ಅಂದ್ರಲ್ಲ, ಅದು ಎಲ್ಲಿಂದ ಬಂತು?”

“ನಾನು ಕಂಡದ್ದನ್ನ ಹೇಳಿದ್ದೀನಿ.”

“ನನ್ನ ಹತ್ರ ರೇನ್‌ಕೋಟೇ ಇಲ್ಲ ಸಾರ್. ಹತ್ತೊಂಬತ್ತು ವರ್ಷದಿಂದ ಕಪ್ಪು ಕೊಡೇಲಿ ಬರ್ತಿದ್ದೀನಿ. ನೀವೇ ಎರಡು ಸಲ ನಿಮ್ಮದು ಅಂತ ತಗೊಂಡು ಹೋಗಿ ವಾಪಸ್ ತಂದಿದ್ದೀರಿ. ಆಮೇಲೆ, ಆವತ್ತು ಮಳೇನೂ ಇರ್ಲಿಲ್ಲ.”

ಆಕೆ ನಿಧಾನವಾಗಿ ಹೇಳಿದರು. ಆವತ್ತು ಬೆಳಿಗ್ಗೆ ಒಂಬತ್ತೂವರೆಗೆ ಮುಂಬಾಗಿಲು ತೆಗೆದು, ಹತ್ತಕ್ಕೆ ತಂದೆಯನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದರಂತೆ. ಅರ್ಧ ದಿನದ ರಜಾ ಚೀಟಿ ಹಿಂದಿನ ದಿನವೇ ಆಫೀಸಿಗೆ ಕೊಟ್ಟಿದ್ದರಂತೆ. ಅಂಥ ಚೀಟಿಯೇ ಬಂದಿಲ್ಲ ಎನ್ನುತ್ತಾರಂತೆ ಆಫೀಸಿನವರು ಈಗ.

“ಹಿಂಬಾಗ್ಲಿಗೆ ಎರಡು ಕೀಲಿ ಸಾರ್. ಒಂದು ಆವತ್ತು ನನ್ನ ಚೀಲದಲ್ಲಿತ್ತು, ಆಸ್ಪತ್ರೇಲಿ. ಇನ್ನೊಂದು ಪುರಸಭೆ ಆಫೀಸಲ್ಲಿರುತ್ತೆ. ಅದರ ಬಗ್ಗೆ ಯಾರೂ ಕೇಳ್ಲಿಲ್ಲ. ನೀವಾದ್ರೂ ಕೇಳ್ತೀರಿ ಅಂದ್ಕೊಂಡಿದ್ದೆ. ಎಲ್ಲದಕ್ಕೂ ಕೇಳೋರು ನೀವೇ ಅಲ್ವಾ?”

ಅಕ್ಕ ನೀರು ಕೊಟ್ಟಳು. ಆಕೆ ಕುಡಿದು, ಲೋಟವನ್ನು ತಾವೇ ಒಯ್ದು ಸಿಂಕಿನಲ್ಲಿಟ್ಟು ಹೋದರು. ಬಾಗಿಲು ಹಾಕಿ ಬಂದ ಅಕ್ಕ ಆ ಲೋಟ ತೊಳೆದಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ ೨೫, ಮಂಗಳವಾರ

ಹೊರಗೆ ಹೋಗಲಿಲ್ಲ.

ಮಾರ್ಚ್ ೨೬, ಬುಧವಾರ

ಈ ದಿನಚರಿಯನ್ನು ಹಿಂದಕ್ಕೆ ತಿರುವಿದೆ. ಮಾರ್ಚ್ ಒಂಬತ್ತರ ಪಟ್ಟಿ. ಕೊನೆಯ ಸಾಲು.

ಮೂವತ್ತೊಂದು ವರ್ಷ ಪರರ ಬರವಣಿಗೆಯಲ್ಲಿ ತಪ್ಪು ಹುಡುಕಿದ ಕಣ್ಣು. ನನ್ನದೇ ಕೈಬರಹ, ಹದಿನೇಳು ದಿನ ಕೈಯಳತೆಯಲ್ಲಿ ಬಿದ್ದಿತ್ತು.

ಮಾರ್ಚ್ ೨೭, ಗುರುವಾರ

ಹೋಟೆಲಿಗೆ ಹೋದೆ. ಸಪ್ಲೈಯರ್ ಮೂರನೇ ಮೇಜು ಒರೆಸುತ್ತಿದ್ದರು. ನನ್ನನ್ನು ಕಂಡು ಬಟ್ಟೆ ಹೆಗಲಿಗೆ ಹಾಕಿಕೊಂಡು ಎದುರಿಗೆ ಬಂದು ಕೂತರು. ಇಷ್ಟು ದಿನದಲ್ಲಿ ಅವರು ಕೂತದ್ದನ್ನು ನೋಡಿದ್ದು ಇದೇ ಮೊದಲು. ಮಾರ್ಚ್ ಒಂಬತ್ತರ ಪುಟ ತೋರಿಸಿದೆ. ಓದಿದರು. ‘ಹನ್ನೊಂದು ಕೈ’ ಎಂಬಲ್ಲಿ ಸ್ವಲ್ಪ ನಕ್ಕರು. ಪಟ್ಟಿಯ ಕೊನೆಯ ಸಾಲಿಗೆ ಬಂದಾಗ ನಗು ನಿಂತಿತು.

“ಟೇಬಲ್ ಒರೆಸ್ಲಿಲ್ಲ,” ಎಂದರು.

“ಇಲ್ಲ.”

“ಅದು ಸರಿ. ಆದ್ರೆ ಸಾರ್, ಒರೆಸಿದ್ರೂ ಅಲ್ಲಿ ಏನಿರ್ತಿತ್ತು? ಬಾಗ್ಲಲ್ಲಿ ನಿಂತಿದ್ದೋರನ್ನ ನೀವು ನೋಡಿದ್ರಾ?”

ನೋಡಿರಲೇಬೇಕು, ಅಲ್ಲೇ ಕೂತಿದ್ದೆನಲ್ಲ, ಎಂದೆ.

“ಅಲ್ಲೇ ಕೂತಿದ್ದು ಬೇರೆ. ನಾನು ಆರ್ಡರ್ ತಗೊಳ್ಳೋವಾಗ ಅವರ ಮುಖ ನೋಡ್ತೀನಿ. ನೋಡ್ದೆ ತಗೊಂಡ ಆರ್ಡರನ್ನ ಎಂಥಾ ಮನೇಲಿ ಕೂರಿಸಿದ್ರೂ ನಿಲ್ಲಲ್ಲ. ಆರ್ಡರೇ ತಗೊಂಡಿಲ್ಲ ಅಂದ್ರೆ, ಈ ವಿದ್ಯೆಗೆ ಊಟ ಹುಟ್ಟಿಸೋಕೆ ಬರಲ್ಲ.”

ಆಗ ಹೇಳಬೇಕಾಯಿತು. ಇದುವರೆಗೆ ಇಲ್ಲಿಯೂ ಬರೆಯದಿದ್ದದ್ದನ್ನು. ನನ್ನ ಕೈಯಲ್ಲಿದ್ದದ್ದು ಸಂಪಾದಕೀಯವಲ್ಲ. ಪದಬಂಧ. ಅಡ್ಡಸಾಲಿನ ಒಂದು ಪದ, ನಾಲ್ಕು ಅಕ್ಷರ, ಸಿಗುತ್ತಿರಲಿಲ್ಲ. ಹಾರನ್, ಗಡಿಯಾರ, ಚಪ್ಪಲಿ, ಚಕ್ರ, ಕೆಮ್ಮು: ನಾನು ಸಭೆಯಲ್ಲಿ ಹೇಳಿದ್ದೆಲ್ಲ ಕಿವಿಗೆ ಬಿದ್ದದ್ದು. ನನ್ನ ಬೆನ್ನ ಹಿಂದೆ ಮೂವತ್ತೆಂಟು ವರ್ಷ ಒಂದು ಗಂಟೆ ಕಾಲ ನಡೆದುಹೋಯಿತು. ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಲಾರಿಯನ್ನು ನಿಲ್ಲಿಸುತ್ತಿದ್ದೆ. ನಾನು ಅಡ್ಡ ಬಂದಿದ್ದರೆ ಈ ಊರಿನಲ್ಲಿ ಯಾರೂ ಮುಂದುವರಿಯುತ್ತಿರಲಿಲ್ಲ.

ಗೆದ್ದಲು ಹತ್ತಿರಲಿಲ್ಲ. ದಫ್ತರದಲ್ಲಿ ಆ ಪುಟವೇ ಇರಲಿಲ್ಲ.

“ಆವತ್ತು ಆಕೆ ಎದುರಿನ ಕಣ್ಣಾಸ್ಪತ್ರೆಗೆ ಬಂದಿದ್ದರಂತೆ,” ಎಂದೆ ಆಸೆಯಿಂದ. “ತಂದೆಯ ಜೊತೆ ಇಲ್ಲಿ ಟೀಗೆ ಬಂದಿರಬಹುದು. ನಿಮಗೆ ನೆನಪಿದ್ದರೆ...”

ಅವರು ತಲೆಯಾಡಿಸಿದರು. “ಎರಡು ತಿಂಗಳ ಹಿಂದಿನ ಟೇಬಲ್ ನನ್ನ ಹತ್ರ ಇರಲ್ಲ ಸಾರ್. ಒರೆಸಿದ್ದು ಒರೆಸಿದ್ದೇ. ಇದೆ ಅಂತ ಹೇಳಿಬಿಡ್ಲಾ? ನೀವು ಹೇಳಿದ ಹಾಗೆ?”

ಅವರು ಕುಹಕಕ್ಕೆ ಹೇಳಿದ್ದಲ್ಲ. ಅದಕ್ಕೇ ಹೆಚ್ಚು ತಾಗಿತು.

ಮಾರ್ಚ್ ೩೧, ಸೋಮವಾರ

ಅಧ್ಯಕ್ಷರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಪದಬಂಧವನ್ನೂ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ಅಷ್ಟೇ ತಾನೆ? ಒಂದು ಚೀಟಿ ಬರ್ಕೊಡಿ. ‘ಗ್ರಹಿಕೆಯಲ್ಲಿ ವ್ಯತ್ಯಾಸವಾಗಿದೆ’ ಅಂತ ಎರಡು ಸಾಲು. ಫೈಲಿಗೆ ಸೇರಿಸ್ತೀನಿ. ಇಷ್ಟು ವರ್ಷ ಸಂಪಾದಿಸಿದ ಹೆಸರು ಯಾಕೆ ಬೀದಿಗೆ ಹಾಕ್ಕೋತೀರಿ?”

“ಆಕೆಯ ಕೆಲಸ?”

“ಅದಕ್ಕೆ ಬೇರೆ ಕಾರಣಗಳೂ ಇವೆ. ಬಿಡಿ.”

“ಎರಡನೇ ಕೀಲಿಕೈ?”

ಅವರು ಗಂಟೆ ಒತ್ತಿ ಟೀ ತರಿಸಿದರು. ಅಂಗೈಯಗಲದ ಒಂದು ಚೀಟಿ ಹರಿದು, ಪೆನ್ನು ಬಿಚ್ಚಿ ನನ್ನ ಮುಂದಿಟ್ಟರು.

ಬರೆಯತೊಡಗಿದೆ. ಇದನ್ನು ಮುಚ್ಚಿಡುವುದಿಲ್ಲ: ಒಂದೂವರೆ ಸಾಲು ಬರೆದೆ. ಅಕ್ಷರ ಎಷ್ಟು ಸಣ್ಣದಾಗಿ ಬರುತ್ತಿತ್ತು ಎಂದರೆ, ಓದಲು ನನಗೇ ಕನ್ನಡಕ ಏರಿಸಬೇಕಾಯಿತು. ಆಗ ನಿಲ್ಲಿಸಿದೆ. ತಪ್ಪು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಬಂದು, ತಿದ್ದುಪಡಿ ಏಳನೇ ಪುಟದ ಮೂಲೆಯಲ್ಲಿ ಬಸ್ಸಿನ ವೇಳಾಪಟ್ಟಿಯ ಕೆಳಗೆ ಬರುವುದನ್ನು ಖಂಡಿಸಿ ನಾನು ಪತ್ರಿಕೆಗೆ ಇದುವರೆಗೆ ಇಪ್ಪತ್ತೆರಡು ಪತ್ರ ಬರೆದಿದ್ದೇನೆ. ‘ತಪ್ಪು ಎಷ್ಟು ದೊಡ್ಡದೋ ತಿದ್ದುಪಡಿಯೂ ಅಷ್ಟೇ ದೊಡ್ಡದಿರಬೇಕು’ ಎಂಬುದು ಎಲ್ಲದರಲ್ಲೂ ಕೊನೆಯ ಸಾಲು.

ಚೀಟಿ ಜೇಬಿಗೆ ಹಾಕಿಕೊಂಡು ಎದ್ದೆ. ಟೀ ಹಾಗೇ ಉಳಿಯಿತು.

ಅಕ್ಕನಿಗೆ ತೋರಿಸಿದೆ. ಓದಿ ಹಿಂದಕ್ಕೆ ಕೊಟ್ಟಳು. “ಇದಕ್ಕಿಂತ ನನ್ನ ಮೀಸೆಯೇ ವಾಸಿ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಏಳನೇ ತಾರೀಕು ನಾನೂ ಬರ್ತೀನಿ. ನೀನು ಒಬ್ನೇ ನಿಂತ್ರೆ ಮಾತು ನುಂಗ್ತೀಯ, ಚಿಕ್ಕಂದಿನಿಂದ ನೋಡಿದ್ದೀನಿ.”

ಏಪ್ರಿಲ್ ೨, ಬುಧವಾರ

ಎರಡು ದಿನ ಮನೆ ಖಾಲಿ ಮಾಡಿದೆ. ಸಪ್ಲೈಯರ್ ಕಲಿಸಿದಂತೆ ಒಬ್ಬೊಬ್ಬರನ್ನಾಗಿ ಎಬ್ಬಿಸಿ ಕಳಿಸಿದೆ. ವಕೀಲನ ಕೋಟು ಹಿಂಡಿ ಕೊಟ್ಟೆ. ಅಕ್ಕನ ಮೀಸೆ ತೆಗೆದೆ. ಹಿಂಬಾಗಿಲಿನಲ್ಲಿ ನಿಂತವರು ಮಾತ್ರ ಸುಲಭವಾಗಿ ಹೋಗಲಿಲ್ಲ. ಹಳದಿ ಕೋಟು ಬಿಚ್ಚಿಸಿ, ಕೀಲಿಕೈ ಇಸಿದುಕೊಂಡು, ಕಪ್ಪು ಕೊಡೆ ಕೈಗೆ ಕೊಟ್ಟ ಮೇಲೆ ಹೋದರು. ಈಗ ಅಲ್ಲಿ ಯಾರೂ ಇಲ್ಲ. ಬರೀ ಬಾಗಿಲು. ನನಗೆ ಗೊತ್ತಿರುವುದು ಅಷ್ಟೇ.

ಕೆಳಗಿನದನ್ನು ನಾಳೆ ಬೆಳಿಗ್ಗೆ ಕೈಯಾರೆ ಕೊಡುತ್ತೇನೆ. ದೊಡ್ಡ ಹಾಳೆ, ದೊಡ್ಡಕ್ಷರ.

ಪುರಸಭೆಯ ಅಧ್ಯಕ್ಷರಿಗೆ. ಪ್ರತಿಗಳು: ಪತ್ರಿಕೆಯ ಮುಖಪುಟಕ್ಕೆ, ವಾಚನಾಲಯದ ಸೂಚನಾ ಫಲಕಕ್ಕೆ.

ಮಾರ್ಚ್ ಇಪ್ಪತ್ತರ ಗುರುವಾರ, ನಿಮ್ಮ ಸಭಾಂಗಣದಲ್ಲಿ, ಊರಿನ ಎದುರು, ನಾನು ಕಾಣದ್ದನ್ನು ಕಂಡೆನೆಂದು ಹೇಳಿದೆ. ವಾಚನಾಲಯದ ಮೇಲ್ವಿಚಾರಕಿ ಜನವರಿ ಹದಿನಾರರಂದು ಹಿಂಬಾಗಿಲಿನಲ್ಲಿ ನಿಂತಿದ್ದನ್ನು ನಾನು ನೋಡಿಲ್ಲ. ಅಲ್ಲಿ ಯಾರು ನಿಂತಿದ್ದನ್ನೂ ನಾನು ನೋಡಿಲ್ಲ. ನೋಡಬೇಕಾದಾಗ ನಾನು ತಲೆ ಎತ್ತಲಿಲ್ಲ. ಆಮೇಲೆ ನಗೆಗೀಡಾದೆನೆಂಬ ಅವಮಾನಕ್ಕೆ, ಖಾಲಿ ಜಾಗದಲ್ಲಿ ನಿರಪರಾಧಿಯೊಬ್ಬರನ್ನು ನಿಲ್ಲಿಸಿದೆ. ನನ್ನ ಮಾತಿನ ಮೇಲೆ ಅವರ ಕೆಲಸ ಹೋಗುವುದಾದರೆ, ಅದೇ ಮಾತನ್ನು ಹಿಂದಕ್ಕೆ ತೆಗೆದುಕೊಂಡ ಮೇಲೆ ಅದು ಹಿಂತಿರುಗಿ ಬರಬೇಕು.

ಇದನ್ನು ಚೀಟಿಯಲ್ಲಿ ಬರೆದು ಫೈಲಿಗೆ ಕೊಡುವುದಿಲ್ಲ. ಏಪ್ರಿಲ್ ಏಳರಂದು, ಅದೇ ಸಭಾಂಗಣದಲ್ಲಿ, ಅದೇ ಮೈಕಿನ ಮುಂದೆ, ಮೊದಲು ನನ್ನನ್ನು ನಿಲ್ಲಿಸಿ ಕೇಳಿ: ಆ ಒಂದು ಗಂಟೆ ನೀನು ಏನು ಮಾಡುತ್ತಿದ್ದೆ? ನಾನು ಹೇಳುತ್ತೇನೆ. ಜನ ನಗಲಿ. ಅವರು ನಕ್ಕು ಮುಗಿದ ಮೇಲೆ ಮೈಕು ಆರಿಸಬೇಡಿ. ನೀವು ಎದ್ದು ನಿಂತು, ಇದೇ ಊರಿನ ಎದುರು ಉತ್ತರ ಹೇಳಿ: ಹಿಂಬಾಗಿಲಿನ ಎರಡನೇ ಕೀಲಿಕೈ ಆವತ್ತು ಯಾರ ಕೈಯಲ್ಲಿತ್ತು?